ಹಿತ್ತಲ ಧರೆಯನ್ನು ನಿಲ್ಲಿಸಿದ್ದು

ಶಿರಸಿ ಕಡೆ ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ದಂಡೆ, ಇಲ್ಲದವರು ಕಡಿಮೆ. ನನ್ನದು ಸುಮಾರು 18 ಅಡಿ. 2019ರ ಆಗಸ್ಟ್ ಮಳೆಗೆ ಮೂರು ಟ್ರ್ಯಾಕ್ಟರ್ ಮಣ್ಣು ಬಚ್ಚಲುಮನೆಗೆ ಬಂತು. ಮರುವರ್ಷ ಚಿರೇಕಲ್ಲಿನ ಗೋಡೆ ಕಟ್ಟಿಸಿದೆ, ಹತ್ತಿರಹತ್ತಿರ 1.8 ಲಕ್ಷ. ನೀರು ಬಸಿಯಲು ತೂತು ಬಿಡಿ ಎಂದರೆ ಮೇಸ್ತ್ರಿ ನಕ್ಕ, ನಾನೂ ಸುಮ್ಮನಾದೆ. 2021ರ ಜುಲೈನಲ್ಲಿ, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದ ಆಸುಪಾಸಿನಲ್ಲೇ, ಗೋಡೆ ಬಸುರಿಯಂತೆ ಉಬ್ಬಿ ಮಲಗಿತು. ಆಮೇಲೆ ಬೇರಿನಿಂದ ಮಣ್ಣು ಹಿಡಿಯಲೆಂದು ಲಾವಂಚದ ಹುಲ್ಲು. 600 ಬುಡ, ನೆಟ್ಟದ್ದು ಸೆಪ್ಟೆಂಬರ್ ಕೊನೆಗೆ. ಬೇಸಿಗೆಗೆ ಉಳಿದದ್ದು ನೂರೂ ಇರಲಿಕ್ಕಿಲ್ಲ.

ಬುದ್ಧಿ ಬಂದದ್ದು ಉತ್ತರಾಖಂಡದ ಹಿಮದಲ್ಲಿ. ಅಳಿಯನ ಒತ್ತಾಯಕ್ಕೆ ಚಾರಣಕ್ಕೆ ಹೋಗಿದ್ದೆ. ದಾರಿ ತೋರಿಸುವವನು ಎದೆಮಟ್ಟ ಹಿಮ ಕಡಿದು ಕಂಬದಂತೆ ನಿಲ್ಲಿಸಿದ. ಮೇಲೆ ಗಟ್ಟಿ ಹಲಗೆ, ಬುಡದಲ್ಲಿ ಸಕ್ಕರೆಯಂತೆ ಉದುರುವ ಹರಳು. ನೆತ್ತಿಯಲ್ಲಿ ಸಲಿಕೆ ಇಟ್ಟು ಹತ್ತಾರು ಸಲ ಕೈಯಿಂದ ತಟ್ಟಿದ. ಹಲಗೆ ಇಡಿಯಾಗಿ ಜಾರಿ ಅವನ ಕಾಲ ಮೇಲೆ ಬಿತ್ತು. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮಕುಸಿತ ಹೆಚ್ಚು ಎಂದ. ನನಗೆ ಕಂಡದ್ದು ನಮ್ಮ ಧರೆ: ಮೇಲೆ ಗಟ್ಟಿ ಚಿರೇಕಲ್ಲು, ಕೆಳಗೆ ನೀರು ಕುಡಿದರೆ ಜಾರುವ ಮೆತ್ತನೆಯ ಶೇಡಿ ಮಣ್ಣು.

ಊರಿಗೆ ಬಂದು ಧರೆಯ ಪಕ್ಕದಲ್ಲಿ ಹೊಂಡ ತೆಗೆದೆ. ಒಂಬತ್ತು ಅಡಿಗೆ ಶೇಡಿ ಸಿಕ್ಕಿತು, ಮುಷ್ಟಿಯಲ್ಲಿ ಹಿಡಿದರೆ ಸಾಬೂನಿನಂತೆ ಜಾರುತ್ತಿತ್ತು. ನೀರು ಎಲ್ಲಿಂದ? ಮಳೆ ಇಳಿಮುಖವಾದ ಮೇಲೆ, ಧರೆಯ ನೆತ್ತಿಯಲ್ಲಿ ನಾನೇ ತೋಡಿಸಿದ್ದ ಏಳು ಇಂಗುಗುಂಡಿಗಳಲ್ಲಿ ಒಂದಕ್ಕೆ ಹತ್ತು ಕಿಲೋ ಉಪ್ಪು ಕದಡಿದೆ. ಮೂರನೆಯ ದಿನ ಧರೆಯ ಬುಡದ ಒರತೆಗೆ ನಾಲಿಗೆ ಇಟ್ಟರೆ ಉಪ್ಪುಪ್ಪು. (ಅರಿಸಿನದ ನೀರನ್ನೂ ಸುರಿದು ನೋಡಿದ್ದೆ, ಅದು ಎಲ್ಲಿಗೆ ಹೋಯಿತೋ! ಅರಿಸಿನದ ಲೆಕ್ಕವನ್ನು ಹೆಂಡತಿ ಇನ್ನೂ ಕೇಳುತ್ತಾಳೆ.)

ಏಳೂ ಗುಂಡಿ ಮುಚ್ಚಿಸಿದೆ. ನೆತ್ತಿಯಿಂದ ಹತ್ತು ಅಡಿ ಹಿಂದೆ ಕಾಲುವೆ ಕಡಿದು, ಹಳೆಯ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿ, ನೀರನ್ನು ಹಳ್ಳಕ್ಕೆ ತಿರುಗಿಸಿದೆ. "ಊರೆಲ್ಲ ನೀರು ಇಂಗಿಸುವಾಗ ನೀನು ಹೊರಗೆ ಅಟ್ಟುತ್ತೀಯಲ್ಲೋ ತಮ್ಮಾ" ಎಂದರು ಪಕ್ಕದ ಮನೆಯ ಅಣ್ಣ. ಇಂಗಿಸುವುದು ಬೇಡವೆಂದಲ್ಲ, ಧರೆಯ ತಲೆಯ ಮೇಲೆ ಬೇಡ, ಅಷ್ಟೇ. ಶೇಡಿಯ ಮಟ್ಟದಲ್ಲಿ ತೂತು ಕೊರೆದ ಐದು ಪಿವಿಸಿ ಪೈಪುಗಳನ್ನು ತುಸು ಹೊರವಾಟ ಕೊಟ್ಟು ಹನ್ನೆರಡು ಅಡಿ ಒಳಗೆ ತೂರಿಸಿದೆ. ತೂತಿಗೆ ಶೇಡಿ ಕಟ್ಟದಂತೆ ಏನು ಸುತ್ತಿದೆ ಎಂಬುದನ್ನು ಮನೆಗೆ ಬಂದವರಿಗಷ್ಟೇ ತೋರಿಸುತ್ತೇನೆ. ಲಾವಂಚವನ್ನು ಈ ಸಲ ಜೂನ್ ಮೊದಲ ಮಳೆಗೇ ನೆಟ್ಟೆ. ಒಟ್ಟು ಖರ್ಚು 40 ಸಾವಿರದೊಳಗೆ. ಬಿದ್ದ ಗೋಡೆಯ ಕಾಲುಭಾಗವೂ ಅಲ್ಲ.

ಧರೆಯಲ್ಲಿದ್ದ ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಪ್ರತಿ ಭಾನುವಾರ ಅಳೆಯುತ್ತಿದ್ದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿತ್ತಲ್ಲ, ಆ ವಾರ ದಿನಕ್ಕೆರಡು ಸಲ ಟೇಪು ಹಿಡಿದೆ. ರಾತ್ರಿ ಮಲಗಿದ್ದು ಮುಂದಿನ ಜಗಲಿಯಲ್ಲಿ, ಸುಳ್ಳೇಕೆ ಹೇಳಲಿ. ಪೈಪಿನಿಂದ ಹೆಬ್ಬೆರಳು ಗಾತ್ರ ನೀರು ಸುರಿಯುತ್ತಲೇ ಇತ್ತು. ಗೂಟ ಮಾತ್ರ ಒಂದು ನೂಲೂ ಅಲುಗಲಿಲ್ಲ.

ಕಳೆದ ತಿಂಗಳು ಅದೇ ಅಣ್ಣ ಲಾವಂಚದ ಬುಡ ಕೇಳಲು ಬಂದಿದ್ದರು. ಒಂದಕ್ಕೆ ಮೂರು ರೂಪಾಯಿ ಎಂದೆ.