ಇಂಗ್ಲೆಂಡಿನ ಬಾಡಿಗೆ ಮನೆ ಬೆಚ್ಚಗಾಗಬೇಕಾದರೆ ಮಾಲೀಕರು, ಬಾಡಿಗೆದಾರರು ಇಬ್ಬರೂ ಕೈ ಜೋಡಿಸಬೇಕು

ಇಂಗ್ಲೆಂಡಿನ ಮೊದಲ ಚಳಿಗಾಲದಲ್ಲಿ ನಮ್ಮಲ್ಲಿ ಎಷ್ಟೋ ಜನ ಹೀಟಿಂಗ್ ಜಾಸ್ತಿ ಮಾಡುತ್ತಾರೆ, ಬಿಲ್ ನೋಡಿ ಆರಿಸುತ್ತಾರೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ದಿನ ತಳ್ಳುತ್ತಾರೆ. ಮಾಲೀಕರನ್ನು ಕೇಳಲು ಸಂಕೋಚ. ಬಾಡಿಗೆ ಮನೆ ತಾನೇ, ಸುಮ್ನೆ ಯಾಕೆ ತಕರಾರು ಅನ್ನಿಸುತ್ತದೆ. ಆದರೆ ಇಲ್ಲಿ ಕೇಳುವುದಕ್ಕೆ ಕಾನೂನಿನ ಬೆಂಬಲವಿದೆ. ದಯವಿಟ್ಟು ಕೇಳಿ.

ಮೊದಲು ಮನೆಯ ಇಪಿಸಿ ನೋಡಿ. ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್ ಅಂದರೆ ಇದೇ, ಮನೆ ಇಂಧನವನ್ನು ಎಷ್ಟು ಚೆನ್ನಾಗಿ ಉಳಿಸುತ್ತದೆ ಎಂದು ಹೇಳುವ ಪತ್ರ. ಎ (ಅತ್ಯುತ್ತಮ) ಯಿಂದ ಜಿ (ಅತಿ ಕಳಪೆ) ವರೆಗೆ ದರ್ಜೆ, 10 ವರ್ಷ ಚಾಲ್ತಿ. ಬಾಡಿಗೆಗೆ ಬರುವವರಿಗೆ ಮಾಲೀಕರು ಇದನ್ನು ಉಚಿತವಾಗಿ ಕೊಡಬೇಕು. ಕೊಟ್ಟಿಲ್ಲದಿದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ. ಮೇಲಿನ ಬಣ್ಣದ ಪಟ್ಟಿ ನೋಡಿ ಅಲ್ಲಿಗೇ ಬಿಡಬೇಡಿ. ಅದರ ಕೆಳಗಿನ ವಿವರದಲ್ಲಿ ಗೋಡೆ, ಛಾವಣಿ, ಕಿಟಕಿ, ಬಿಸಿನೀರು, ಒಂದೊಂದರ ಸ್ಥಿತಿಯೂ ಬರೆದಿರುತ್ತದೆ. ಅಲ್ಲಿ 'ಗೋಡೆ' ಎಂಬುದರ ಎದುರು 'ಸಾಲಿಡ್ ಬ್ರಿಕ್, ನೋ ಇನ್ಸುಲೇಷನ್' (ಗಟ್ಟಿ ಇಟ್ಟಿಗೆ ಗೋಡೆ, ಶಾಖ ಹೊರಹೋಗದಂತೆ ತಡೆಯುವ ಪದರ ಇಲ್ಲ) ಅಂತ ಇದ್ದರೆ ಬೀರುವಿನ ಹಿಂದೆ ಬರುವ ಕಪ್ಪು ಬೂಷ್ಟಿನ ಕಾರಣ ಬಹುಪಾಲು ಅಲ್ಲೇ ಇದೆ. ತಣ್ಣನೆಯ ಗೋಡೆಗೆ ಒಳಗಿನ ತೇವ ತಾಕಿ ನೀರಾಗುತ್ತದೆ, ಅಲ್ಲಿ ಬೂಷ್ಟು ಬೆಳೆಯುತ್ತದೆ. ಕಿಟಕಿ ತೆರೆದಿಡಿ ಅಂತ ಏಜೆಂಟ್ ಹೇಳುವುದು ತಪ್ಪಲ್ಲ, ಆದರೆ ಅಷ್ಟರಿಂದಲೇ ಗೋಡೆ ಬೆಚ್ಚಗಾಗುವುದಿಲ್ಲ. ಲಾಫ್ಟ್ (ಛಾವಣಿಯಡಿಯ ಅಟ್ಟ) ಇನ್ಸುಲೇಷನ್ 75 ಮಿ.ಮೀ. ಅಂತ ಇದ್ದರೂ ಗಮನಿಸಿ. ಈಗ ಶಿಫಾರಸು ಮಾಡುವುದು ಸುಮಾರು 270 ಮಿ.ಮೀ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2020ರ ಏಪ್ರಿಲ್‌ನಿಂದ, ವಿನಾಯಿತಿ ನೋಂದಾಯಿಸದೆ ಎಫ್ ಅಥವಾ ಜಿ ದರ್ಜೆಯ ಮನೆಯನ್ನು ಬಾಡಿಗೆಗೆ ಇಡುವಂತಿಲ್ಲ. ದರ್ಜೆ ಏರಿಸಲು ಮಾಲೀಕರು 3,500 ಪೌಂಡ್‌ವರೆಗೆ ಖರ್ಚು ಮಾಡಬೇಕು. ತಪ್ಪಿದರೆ ಕೌನ್ಸಿಲ್ (ಸ್ಥಳೀಯ ಆಡಳಿತ) 5,000 ಪೌಂಡ್‌ವರೆಗೆ ದಂಡ ಹಾಕಬಹುದು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ: ಖರ್ಚು ಮಾಲೀಕರ ಮೇಲೆ ಬೀಳದ ಹಾಗಿದ್ದರೆ, ಬಾಡಿಗೆದಾರರು ಕೇಳುವ ಸುಧಾರಣೆಗೆ ಸರಿಯಾದ ಕಾರಣ ಕೊಡದೆ ಮಾಲೀಕರು ಒಪ್ಪಿಗೆ ನಿರಾಕರಿಸುವಂತಿಲ್ಲ. 2016ರಿಂದ ಈ ಹಕ್ಕಿದೆ.

ಕಷ್ಟ ಇರುವುದು ಇಲ್ಲಿ. ಕೆಲಸಕ್ಕೆ ದುಡ್ಡು ಹಾಕುವವರು ಮಾಲೀಕರು, ಬಿಲ್ ಉಳಿಯುವುದು ಬಾಡಿಗೆದಾರರಿಗೆ. ಹಾಗಾಗಿ ಯಾರೂ ಮುಂದೆ ಬರಲ್ಲ. ಮನೆ ಬೆಚ್ಚಗಾಗಿಸುವ ಕೆಲಸಕ್ಕೆ ಕೌನ್ಸಿಲ್ ಮೂಲಕ ಸಿಗುವ ಇಂಗ್ಲೆಂಡಿನ ಸರ್ಕಾರಿ ನೆರವು 'ವಾರ್ಮ್ ಹೋಮ್ಸ್: ಲೋಕಲ್ ಗ್ರಾಂಟ್' ಈ ಗಂಟನ್ನು ಸಡಿಲಿಸುತ್ತದೆ. ಮನೆಯ ದರ್ಜೆ ಡಿ ಯಿಂದ ಜಿ ಒಳಗಿರಬೇಕು. ಅಲ್ಲಿ ವಾಸಿಸುವವರ ವರಮಾನ ವರ್ಷಕ್ಕೆ 36,000 ಪೌಂಡ್ ಮೀರದಿದ್ದರೆ ಅರ್ಹತೆ ಸಿಗಬಹುದು. ಅರ್ಹತೆ ಬಾಡಿಗೆದಾರರಿಂದ, ಒಪ್ಪಿಗೆ ಮಾಲೀಕರಿಂದ. ಒಬ್ಬರಿಂದ ಆಗುವ ಕೆಲಸವಲ್ಲ. ಮಾಲೀಕರ ಮೊದಲ ಮನೆಗೆ ಪೂರ್ತಿ ನೆರವು, ಆಮೇಲಿನ ಮನೆಗಳಿಗೆ ಅರ್ಧ ಖರ್ಚು ಅವರದು. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರದ ಕೆಲವು ನೆರವುಗಳನ್ನು ಪಡೆಯುವಂತಿಲ್ಲ) ಎಂಬ ಷರತ್ತಿದ್ದರೆ ಅರ್ಜಿ ಹಾಕುವ ಮೊದಲು ಕೌನ್ಸಿಲ್‌ನಲ್ಲಿ ವಿಚಾರಿಸಿಕೊಳ್ಳಿ. ಇಪಿಸಿ ಕೇಳುವುದಕ್ಕೆ, ಬೂಷ್ಟಿನ ಬಗ್ಗೆ ದೂರು ಕೊಡುವುದಕ್ಕೆ ವೀಸಾ ಅಡ್ಡಿ ಬರುವುದಿಲ್ಲ.

ಕೇಳಿದರೆ ಮನೆ ಬಿಡಿಸುತ್ತಾರೇನೋ ಎಂಬ ಭಯ ಸಹಜ. ಇಂಗ್ಲೆಂಡಿನಲ್ಲಿ ಕಾರಣ ಕೊಡದೆ ಮನೆ ಬಿಡಿಸುವ ಸೆಕ್ಷನ್ 21 ನೋಟಿಸನ್ನು 2025ರ ರೆಂಟರ್ಸ್ ರೈಟ್ಸ್ ಆಕ್ಟ್ ತೆಗೆದುಹಾಕಿದೆ. ಜಾರಿ 2026ರ ಮೇ 1ರಿಂದ. ಆದರೂ ಎಲ್ಲವನ್ನೂ ಈಮೇಲ್‌ನಲ್ಲೇ ಬರೆಯಿರಿ. ಇಪಿಸಿಯಲ್ಲಿರುವ ಶಿಫಾರಸು, ಗೋಡೆಯ ಫೋಟೋ, ಗ್ರಾಂಟಿನ ಹೆಸರು, ಮೂರನ್ನೂ ಸೇರಿಸಿ. ಕೆಲಸದವರು ಬರುವ ದಿನ ಮನೆಯಲ್ಲಿರುತ್ತೇವೆ ಅಂತಲೂ ತಿಳಿಸಿ. ಮಾಲೀಕರಿಗೆ ಅದೊಂದು ದೊಡ್ಡ ನೆಮ್ಮದಿ.

ಇಲ್ಲೇ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವ ನಮ್ಮವರಿಗೂ ಒಂದು ಮಾತು. ಹಳೆಯ ಬಾಯ್ಲರ್ ಬದಲು ಹೀಟ್ ಪಂಪ್ (ಹೊರಗಿನ ಗಾಳಿ ಅಥವಾ ನೆಲದ ಶಾಖ ಎಳೆದು ಮನೆ ಬೆಚ್ಚಗಿಡುವ ಯಂತ್ರ) ಹಾಕಿಸುವುದಾದರೆ ಸರ್ಕಾರದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮಿನಿಂದ 7,500 ಪೌಂಡ್ ಸಿಗುತ್ತದೆ. ಇದಕ್ಕೆ ವರಮಾನದ ಮಿತಿ ಇಲ್ಲ, ಅರ್ಜಿಯನ್ನು ಇನ್‌ಸ್ಟಾಲರೇ ಹಾಕುತ್ತಾರೆ. ಇನ್ಸುಲೇಷನ್ ಹಾಕಿಸುವ ಕೆಲಸಕ್ಕೆ 2027ರ ಮಾರ್ಚ್ 31ರವರೆಗೆ ವ್ಯಾಟ್ ತೆರಿಗೆ ಸೊನ್ನೆ. ಕೊಟೇಶನ್ ತರಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ನೋಡಿಕೊಳ್ಳಿ.