ಎರಡು ಕೆಜಿ ಡಂಬೆಲ್ ಬಿಟ್ಟ ಮೇಲೆ ಬ್ಲೌಸ್ ಸಡಿಲವಾಯಿತು

ನನ್ನ ಅಂಗಡಿಯ ಕಟಿಂಗ್ ಟೇಬಲ್ ಮೇಲೆ ಎರಡು ಗುಲಾಬಿ ಬಣ್ಣದ ಡಂಬೆಲ್ ಇವೆ. ಒಂದೊಂದೂ ಎರಡು ಕೆಜಿ. ಜಾರುವ ಕ್ರೇಪ್ ಬಟ್ಟೆ ಕತ್ತರಿಸುವಾಗ ಅಂಚಿನ ಮೇಲೆ ಇಡಲು ಅದಕ್ಕಿಂತ ಒಳ್ಳೆ ಸಾಮಾನು ಇಲ್ಲ. ಆರು ತಿಂಗಳು ಅವನ್ನೇ ಎತ್ತಿಕೊಂಡು ತೋಳು ಕರಗುತ್ತೆ ಅಂತ ಕಾದಿದ್ದೆ. ಈಗ ಬಟ್ಟೆಗಾದರೂ ಉಪಯೋಗಕ್ಕೆ ಬಂದಿವೆ.

ಮೈಸೂರಿನಲ್ಲಿ ಹದಿನೇಳು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ವಯಸ್ಸು 42. ಕಳೆದ ವಾರ ನನ್ನ ಹಳೇ ಜಿಮ್ಮಿನ ಟ್ರೈನರ್ ತಮ್ಮ ಹೆಂಡತಿಯ ಬ್ಲೌಸ್ ತೆಗೆದುಕೊಂಡು ಹೋಗಲು ಬಂದಿದ್ದರು. ನನ್ನನ್ನು ನೋಡಿ, "ಯಾವ ಡಯಟ್ ಮೇಡಂ?" ಅಂದರು. "ಡಯಟ್ ಅಲ್ಲ ಸರ್, ನೀವು ಬೇಡ ಅಂದಿರಲ್ಲ, ಆ ಪ್ಲೇಟು ಹಾಕಿ ಎತ್ತುವ ರಾಡು" ಅಂದೆ. ಅವರು ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿನೇ. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ರಾಡು ಹೆಗಲ ಮೇಲಿಟ್ಟು ಕೂತೇಳುವ ಸ್ಕ್ವಾಟ್ ಹೇಗೆ ಕೂರಬೇಕು, ನೆಲದಿಂದ ರಾಡು ಎತ್ತಿ ನಿಲ್ಲುವ ಡೆಡ್‌ಲಿಫ್ಟಿಗೆ ಬೆನ್ನು ಹೇಗಿರಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತಿರುತ್ತೆ. ನಾನು ಎಲ್ಲೆಲ್ಲಿ ದುಡ್ಡು ಕಳೆದೆ, ಕೊನೆಗೆ ಯಾವುದು ಕೆಲಸ ಮಾಡಿತು, ಅಷ್ಟು ಹೇಳುತ್ತೇನೆ.

ಶುರುವಿನಲ್ಲಿ 68 ಕೆಜಿ ಇದ್ದೆ. ಎತ್ತರ ಐದಡಿ ಎರಡು ಇಂಚು. ಸೊಂಟ 35, ತೋಳಿನ ಸುತ್ತು 13. ದಿನಾ ಎಂಟೊಂಬತ್ತು ಗಂಟೆ ಮಿಷನ್ ಮುಂದೆ ಕೂತರೆ ಇನ್ನೇನಾಗುತ್ತೆ. ಜಿಮ್ಮಿಗೆ ವರ್ಷದ ಫೀಸು 12 ಸಾವಿರ ಕಟ್ಟಿದೆ. "ನಿಮಗೆ ಟೋನಿಂಗ್ ಸಾಕು ಮೇಡಂ, ಜಾಸ್ತಿ ತೂಕ ಎತ್ತಿದರೆ ಗಂಡಸರ ತೋಳು ಬರುತ್ತೆ" ಅಂದರು ಆ ಟ್ರೈನರ್. ಆ ಟೋನಿಂಗ್‌ಗೆ ಪಿಟಿ (ಒಬ್ಬರಿಗೇ ಹೇಳಿಕೊಡುವ ಪರ್ಸನಲ್ ಟ್ರೈನಿಂಗ್) ಅಂತ ತಿಂಗಳಿಗೆ 5 ಸಾವಿರದ ಹಾಗೆ ಮೂರು ತಿಂಗಳು. ಎರಡು ಕೆಜಿ ಡಂಬೆಲ್, ಮೂವತ್ತು ಮೂವತ್ತು ಸಲ, ಮೂರು ಸೆಟ್. ಆಮೇಲೆ ಕೊಬ್ಬು ಕರಗಿಸುವ ಪುಡಿ ಅಂತ 2,600. ಕರಗಿದ್ದು ನನ್ನ ನಿದ್ದೆ ಮಾತ್ರ. ಬೆವರಿಸುವ ಬೆಲ್ಟು 900. ಒಟ್ಟು 30 ಸಾವಿರದ ಮೇಲೆ ಹೋಯಿತು. ಎಷ್ಟು ಬ್ಲೌಸ್ ಹೊಲಿದ ದುಡ್ಡು ಅಂತ ಲೆಕ್ಕ ಹಾಕಲು ಹೋಗಲಿಲ್ಲ, ಹೊಟ್ಟೆ ಉರಿಯುತ್ತೆ.

ನಡುವೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ನೋಡಿದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಎರಡು ತಿಂಗಳು ವಾರಕ್ಕೆ ನಾಲ್ಕು ದಿನ ಹತ್ತಿದೆ. ಹತ್ತಲು ಏನೂ ತೊಂದರೆ ಇಲ್ಲ, ಮಂಡಿ ಹೋಗುವುದು ಇಳಿಯುವಾಗ. ಈಗಲೂ ತಿಂಗಳಿಗೊಮ್ಮೆ ಹತ್ತುತ್ತೇನೆ, ಬರುವಾಗ ಬಸ್ಸು. ಬೆಟ್ಟ ಹತ್ತಿ ಇಡ್ಲಿ ವಡೆ ತಿಂದು ಇಳಿದರೆ ಎಷ್ಟು ಕರಗುತ್ತೆ ಅನ್ನುವುದು ಬೇರೆ ಮಾತು.

ಕೊನೆಗೆ ಊಟ ಬಿಟ್ಟೆ. ರಾತ್ರಿ ಬರೀ ಸೌತೆಕಾಯಿ, ಮಜ್ಜಿಗೆ. ನಾಲ್ಕು ತಿಂಗಳಲ್ಲಿ 61 ಕೆಜಿಗೆ ಇಳಿದೆ. ಎಲ್ಲರೂ ಹೊಗಳಿದರು. ಆದರೆ ಟೇಪ್ ಹಿಡಿದು ನೋಡಿದರೆ ಸೊಂಟ ಇನ್ನೂ 33. ತೋಳು 12 ಕಾಲು ಆಗಿದ್ದರೂ ಕಂಕುಳ ಹತ್ತಿರ ಜೋತು ಬಿದ್ದಿತ್ತು. ಒಳಗೆ ಕ್ಯಾನ್ವಾಸ್ ಹಾಕದ ಕಾಲರ್ ಇರುತ್ತಲ್ಲ, ಹಾಗೆ. ಬಟ್ಟೆ ಎಷ್ಟೇ ಕಡಿಮೆ ಮಾಡಿ, ಒಳಗೆ ಗಟ್ಟಿ ಇಲ್ಲದಿದ್ದರೆ ಕಾಲರ್ ನಿಲ್ಲಲ್ಲ. ಮೂರ್ನಾಲ್ಕು ತಿಂಗಳಲ್ಲಿ ಮತ್ತೆ 66 ಆದೆ.

ನನ್ನ ತಲೆ ತಿರುಗಿಸಿದ್ದು ಒಬ್ಬ ಕಾಲೇಜು ಹುಡುಗಿ. ಅದೇ ಜಿಮ್ಮಿಗೆ ಬರುತ್ತಿದ್ದಳು, ವೇಟ್‌ಲಿಫ್ಟಿಂಗ್ ಆಡುವವಳು. ಸಣಕಲು ಅಂತಲೇ ಹೇಳಬೇಕು. 90 ಕೆಜಿ ಡೆಡ್‌ಲಿಫ್ಟ್ ಎತ್ತಿ ಸದ್ದಿಲ್ಲದೆ ಇಳಿಸುತ್ತಿದ್ದಳು. ಒಂದು ದಿನ ಕಾಲೇಜಿನ ಸೆಂಡ್‌ಆಫ್‌ಗೆ ಸೀರೆ ಬ್ಲೌಸ್ ಹೊಲಿಸಲು ನನ್ನ ಅಂಗಡಿಗೇ ಬಂದಳು. ಅಳತೆ ತೆಗೆದೆ. ತೋಳು ಹತ್ತೂವರೆ, ಸೊಂಟ 27. ಎರಡು ಸಲ ಅಳೆದೆ. ಎರಡು ಕೆಜಿ ಎತ್ತುವ ನನ್ನ ತೋಳು ಹದಿಮೂರರ ಹತ್ತಿರ, 90 ಎತ್ತುವ ಅವಳದು ಹತ್ತೂವರೆ. ನಾನು ಯಾರ ಮಾತನ್ನೂ ಬೇಗ ನಂಬುವವಳಲ್ಲ, ಟೇಪ್ ಮಾತ್ರ ನಂಬುತ್ತೇನೆ. "ಆಂಟಿ, ನೀವು ಗ್ಯಾಸ್ ಸಿಲಿಂಡರ್ ಎತ್ತಿಡಲ್ವಾ? ತುಂಬಿದ್ದು 30 ಕೆಜಿ ಬರುತ್ತೆ. ಮತ್ತೆ ಜಿಮ್ಮಲ್ಲಿ ಯಾಕೆ ಎರಡು ಕೆಜಿ?" ಅಂದಳು. ಉತ್ತರ ಇರಲಿಲ್ಲ. ಆ ಬ್ಲೌಸಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆ "ಭಾರ ಎತ್ತಿದ್ರೆ ಗರ್ಭಕೋಶ ಜಾರುತ್ತೆ ಕಣಮ್ಮ" ಅಂದರು. ಜೀವನವಿಡೀ ಬಾವಿಯಿಂದ ನೀರು ಸೇದಿ ತಲೆ ಮೇಲೆ ಹೊತ್ತವರು ಅವರು. ಆದರೂ ಅವರ ಮಾತು ತಳ್ಳಿಹಾಕಲಿಲ್ಲ. ಎರಡು ಹೆರಿಗೆ ಆದ ಮೈ ಅಲ್ವಾ, ಲೇಡಿ ಡಾಕ್ಟರ್ ಹತ್ತಿರ ತೋರಿಸಿ, ಏನೂ ತೊಂದರೆ ಇಲ್ಲ ಅಂದ ಮೇಲೆಯೇ ಶುರು ಮಾಡಿದೆ. ಗಂಡ ಮೀರಾಬಾಯಿ ಚಾನು ಫೋಟೊ ತೋರಿಸಿ "ಹೀಗಾಗ್ತೀಯಾ?" ಅಂದರು. ಆ ವೇಟ್‌ಲಿಫ್ಟರ್ ಟೋಕಿಯೋ ಒಲಿಂಪಿಕ್ಸ್‌ನ 49 ಕೆಜಿ ವಿಭಾಗದಲ್ಲಿ ಒಂದೇ ಸಲಕ್ಕೆ 115 ಕೆಜಿ ತಲೆ ಮೇಲೆತ್ತಿ ಬೆಳ್ಳಿ ತಂದವರು. ಅದಕ್ಕೆ ವರ್ಷಗಟ್ಟಲೆ ಅದೇ ಕೆಲಸ ಮಾಡಬೇಕು. ವಾರಕ್ಕೆ ಮೂರು ದಿನ ಐವತ್ತು ನಿಮಿಷ ಎತ್ತುವ ಟೈಲರ್ ಹಾಗಾಗುವುದಾದರೆ ನನಗೆ ಸಂತೋಷವೇ. ಗಂಡಸರ ಮೈಯಲ್ಲಿರುವ, ಮಾಂಸ ಬೆಳೆಸುವ ಹಾರ್ಮೋನು ಟೆಸ್ಟೋಸ್ಟೆರಾನ್‌ನಲ್ಲಿ ನಮಗಿರುವುದು ಹತ್ತರಲ್ಲೊಂದು ಪಾಲು, ಅಥವಾ ಅದಕ್ಕೂ ಕಡಿಮೆ. ಗಂಡು ಹುಡುಗರೇ ತೋಳು ದಪ್ಪ ಆಗಲ್ಲ ಅಂತ ಅಳುವಾಗ ನಮಗೆಲ್ಲಿಂದ ಬರಬೇಕು?

ಜಿಮ್ಮಿನ ರಾಡು 20 ಕೆಜಿಯದು, 28 ಮಿಲಿಮೀಟರ್ ದಪ್ಪ. ನನ್ನ ಕೈ ಚಿಕ್ಕದು. ಬೆನ್ನಿಗಿಂತ ಮೊದಲು ಬೆರಳು ಸೋಲುತ್ತಿತ್ತು. ಹೆಂಗಸರ ರಾಡು 15 ಕೆಜಿ, 25 ಮಿಲಿಮೀಟರ್ ಅಂತ ಆ ಹುಡುಗಿಯೇ ಹೇಳಿದ್ದು. ಜಿಮ್ಮಿನಲ್ಲಿ ಕೇಳಿದರೆ "ಅಂಥದ್ದು ಬರುತ್ತಾ?" ಅಂತ ನನ್ನನ್ನೇ ಕೇಳಿದರು. ಫೀಸು ಮುಗಿದ ಮೇಲೆ ಮನೆ ಹಿಂದಿನ ಶೀಟಿನ ಶೆಡ್ಡಿನಿಂದ ಸ್ಕೂಟರ್ ಹೊರಗೆ ಹಾಕಿದೆ. ರಾಡು 6,500. ಮುಚ್ಚಿದ ಜಿಮ್ಮಿನ ಹಳೇ ಪ್ಲೇಟು ಕೆಜಿಗೆ 85ರ ಹಾಗೆ 90 ಕೆಜಿ. ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡು 4,500, ರಬ್ಬರ್ ಮ್ಯಾಟು 1,800. 20 ಸಾವಿರದ ಚಿಲ್ಲರೆ. ಮೊದಲು ಕಳೆದುಕೊಂಡಿದ್ದಕ್ಕಿಂತ 10 ಸಾವಿರ ಕಡಿಮೆ, ಗಮನಿಸಿ. ವೆಲ್ಡಿಂಗಿನವರು ಸ್ಟ್ಯಾಂಡನ್ನು ನಾಲ್ಕು ಇಂಚು ಎತ್ತರ ಮಾಡಿಬಿಟ್ಟಿದ್ದರು. ತುದಿಗಾಲಲ್ಲಿ ನಿಂತು ರಾಡು ತೆಗೆಯಬೇಕಿತ್ತು. ಮತ್ತೆ ಕತ್ತರಿಸಿಕೊಟ್ಟರು, 300 ತೆಗೆದುಕೊಂಡು. ಅಳತೆ ಕೊಟ್ಟಿದ್ದು ನಾನೇ ಆದ್ದರಿಂದ ಜಗಳ ಆಡಲಿಲ್ಲ.

ಸೋಮ, ಬುಧ, ಶುಕ್ರ, ಬೆಳಗ್ಗೆ ಐದೂವರೆಗೆ. ಸ್ಕ್ವಾಟ್ ಪ್ರತಿ ದಿನ. ರಾಡನ್ನು ತಲೆ ಮೇಲೆತ್ತುವ ಪ್ರೆಸ್ ಒಂದು ದಿನ ಬಿಟ್ಟು ಒಂದು ದಿನ, ಆ ಬಿಟ್ಟ ದಿನ ಮಲಗಿ ಎದೆ ಮೇಲಿಂದ ರಾಡು ತಳ್ಳುವ ಬೆಂಚ್. ಆಮೇಲೆ ಡೆಡ್‌ಲಿಫ್ಟ್ ಇಲ್ಲವೇ ಬಗ್ಗಿ ರಾಡನ್ನು ಹೊಟ್ಟೆ ಕಡೆಗೆ ಎಳೆಯುವ ರೋ. ಐದೈದು ಸಲ, ನಾಲ್ಕು ಸೆಟ್. ಇನ್ನೊಂದು ಎತ್ತಬಹುದಿತ್ತು ಅನ್ನುವಲ್ಲಿ ಇಳಿಸುತ್ತೇನೆ. ಸೆಟ್ಟಿನ ಮಧ್ಯೆ ಮೂರು ನಿಮಿಷ ಸುಮ್ನೆ ಕೂರುವುದು. ಈ ಸುಮ್ನೆ ಕೂರುವುದೇ ನನಗೆ ಕಷ್ಟವಾಗಿದ್ದು. ಬೆವರದಿದ್ದರೆ ದುಡ್ಡು ದಂಡ ಅನ್ನುವ ಹಾಗೆ ಅಭ್ಯಾಸ ಆಗಿತ್ತಲ್ಲ. ಮೊದಲ ತಿಂಗಳು ಮಧ್ಯೆ ಸ್ಕಿಪ್ಪಿಂಗ್ ಆಡಿ ಸ್ಕ್ವಾಟ್ ಕೆಡಿಸಿಕೊಂಡೆ.

ಪ್ರೆಸ್ ಮಾತ್ರ 20 ಕೆಜಿ ದಾಟಲಿಲ್ಲ. ಎರಡೂವರೆ ಕೆಜಿ ಒಮ್ಮೆಲೇ ಏರಿಸಿದರೆ ಕೈ ಮೇಲೆ ಹೋಗುತ್ತಿರಲಿಲ್ಲ, ಚಿಕ್ಕ ಪ್ಲೇಟಿಗೆ ಸಿಕ್ಕಾಪಟ್ಟೆ ರೇಟು. ಹಳೇ ಜೀನ್ಸ್ ಪ್ಯಾಂಟಿನ ಕಾಲಿನಿಂದ ಚಿಕ್ಕ ಚೀಲ ಹೊಲಿದು, ಮರಳು ತುಂಬಿ, ದಿನಸಿ ಅಂಗಡಿ ತಕ್ಕಡಿಯಲ್ಲಿ ಕಾಲು ಕೆಜಿ, ಅರ್ಧ ಕೆಜಿ ಅಂತ ತೂಗಿಸಿಕೊಂಡೆ. ಲಾಡಿಯಲ್ಲಿ ರಾಡಿನ ಎರಡು ತುದಿಗೂ ಕಟ್ಟುವುದು. ಆ ಚೀಲದಿಂದಲೇ ಪ್ರೆಸ್ 20ರಿಂದ 30 ಆಯಿತು. ಡೆಡ್‌ಲಿಫ್ಟಿಗೆ ರಾಡು ಜಾರದ ಹಾಗೆ ಮಣಿಕಟ್ಟಿಗೆ ಸುತ್ತುವ ಪಟ್ಟಿಯನ್ನೂ ಸ್ಕೂಲ್ ಬ್ಯಾಗಿನ ಪಟ್ಟಿಯಿಂದ ನಾನೇ ಹೊಲಿದೆ. ಖರ್ಚು 40 ರೂಪಾಯಿ. ಅಂಗಡಿಯದು 450, ಹೊಲಿಗೆ ನೋಡಿದರೆ ನಗು ಬರುತ್ತೆ.

ನಾಲ್ಕನೇ ತಿಂಗಳು ದೊಡ್ಡ ಆಘಾತ. ತೂಕ ಅರವತ್ತೇಳೂವರೆ. ತೋಳು 13 ಕಾಲು. ಅಳತೆ ಬ್ಲೌಸ್ ಹಾಕಿದರೆ ತೋಳಿನ ಹೊಲಿಗೆ ಪಟ್ ಅಂತ ಬಿಟ್ಟಿತು. ಅತ್ತೆ, ಗಂಡ, ಪಕ್ಕದ ಫ್ಯಾನ್ಸಿ ಸ್ಟೋರಿನವರು, ಎಲ್ಲರೂ "ನಾವು ಹೇಳಲಿಲ್ವಾ" ಅಂದರು. ಮೂರು ವಾರ ಶೆಡ್ಡಿನ ಬಾಗಿಲೇ ತೆಗೆಯಲಿಲ್ಲ. ಆಮೇಲೆ ಅಳತೆ ಬುಕ್ ತೆಗೆದು ಯೋಚಿಸಿದೆ. ಹೊಸದಾಗಿ ಎತ್ತುವಾಗ ಮಾಂಸಖಂಡ ನೀರು ಹಿಡಿದುಕೊಳ್ಳುತ್ತೆ, ಅದೊಂದು. ದೊಡ್ಡದು ಇನ್ನೊಂದು. "ಎತ್ತುತ್ತೀನಲ್ಲ" ಅಂತ ದಿನಾ ಬಾಳೆಹಣ್ಣಿನ ಮಿಲ್ಕ್‌ಶೇಕ್, ಸಂಜೆ ಮದ್ದೂರು ವಡೆ. ಮೇಲಿನ ಕೊಬ್ಬು ಹಾಗೇ ಇತ್ತು, ಒಳಗೆ ಸ್ವಲ್ಪ ಮಾಂಸ ಬಂದಿತ್ತು. ಲೈನಿಂಗ್ ಹಾಕಿ ಮೇಲಿನ ಬಟ್ಟೆ ಕಡಿಮೆ ಮಾಡದಿದ್ದರೆ ಬಿಗಿಯಾಗದೆ ಇನ್ನೇನು? ಎತ್ತುವುದನ್ನು ಬಿಟ್ಟಿದ್ದೇ ತಪ್ಪು, ಬಿಡಬೇಕಾಗಿದ್ದು ವಡೆಯನ್ನು.

ಉಪವಾಸ ಮಾಡಲಿಲ್ಲ. ಮಧ್ಯಾಹ್ನದ ಅನ್ನ ಅರ್ಧ ಮಾಡಿದೆ, ಮಿಲ್ಕ್‌ಶೇಕ್ ನಿಲ್ಲಿಸಿದೆ, ಪ್ರೊಟೀನ್ ದಿನಕ್ಕೆ 90 ಗ್ರಾಂ ಆಸುಪಾಸು ತಂದೆ. ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಅಂಗಡಿಯಲ್ಲಿ ಎಲೆಕ್ಟ್ರಿಕ್ ಕೆಟಲ್ ಇದೆ, ಅದರಲ್ಲಿ ನಾಲ್ಕು ಬೇಯಿಸುತ್ತೇನೆ. ಒಬ್ಬ ಗಿರಾಕಿ ಅದೇ ಕೆಟಲ್‌ನಲ್ಲಿ ಟೀ ಕೇಳಿದ್ದರು, ಆ ಕಥೆ ಬೇಡ. ಮನೆಯಲ್ಲಿ ಹುರುಳಿಕಾಳು, ಮೊಸರು, ಸೋಯಾ. ಸೋಯಾ ಚಂಕ್ಸ್ ದಿನಾ ನೂರು ಗ್ರಾಂ ತಿಂದು ನೋಡಿದೆ. ಪ್ರೊಟೀನ್ 50 ಗ್ರಾಂ ಸಿಗುತ್ತೆ, ನಿಜ. ಮಿಷನ್ ಮುಂದೆ ಕೂರಲು ಆಗಲ್ಲ, ಹೊಟ್ಟೆ ತಮಟೆ. 30 ಗ್ರಾಂ ಸಾಕು. ಈಗ ಅದನ್ನು ಹುರಿದು ಚಟ್ನಿಪುಡಿಗೆ ಸೇರಿಸುತ್ತೇನೆ. ಗೊತ್ತೇ ಆಗಲ್ಲ. ಆ ಪುಡಿಯ ಅಳತೆಯನ್ನು ಅತ್ತೆಗೂ ಹೇಳಿಲ್ಲ.

ಮಾಂಸಖಂಡಕ್ಕೆ ಶಕ್ತಿ ಕೊಡುವ ಕ್ರಿಯಾಟಿನ್ ಪುಡಿ ಕೂಡ ಎರಡು ತಿಂಗಳು ತೆಗೆದುಕೊಂಡೆ, ದಿನಕ್ಕೆ ಮೂರು ಗ್ರಾಂ. ತೂಕ ಒಂದು ಕೆಜಿ ಏರಿತು, ಟೇಪಿನಲ್ಲಿ ಒಂದು ನೂಲೂ ಏರಲಿಲ್ಲ. ಡಬ್ಬಿ ಮುಗಿದ ಮೇಲೆ ಮತ್ತೆ ತರಲಿಲ್ಲ, ದುಡ್ಡಿನ ಕಾರಣಕ್ಕೆ ಅಷ್ಟೆ. ನಮ್ಮ ಮಾವನವರು ವಯಸ್ಸಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಅಟ್ಟದಲ್ಲಿ ಅವರ ಮರದ ಗದೆ ಇತ್ತು. ಅದನ್ನು ನಿಧಾನವಾಗಿ ಬೆನ್ನ ಹಿಂದೆ ತಿರುಗಿಸಿದರೆ, ಇಡೀ ದಿನ ಬಗ್ಗಿ ಹೊಲಿದ ಭುಜ ಬಿಟ್ಟುಕೊಳ್ಳುತ್ತೆ. ತೋಳು ಸಣ್ಣ ಆಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೂ ಬಿಟ್ಟಿಲ್ಲ. ಗದೆ ಹಿಡಿದುಕೊಂಡ ದಿನದಿಂದ ಮಾವ ನನ್ನ ಪಾರ್ಟಿ.

ಹತ್ತನೇ ತಿಂಗಳು ಜಂಬ ಬಂತು. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ನಮ್ಮ ಕೆಲಸ ಗೊತ್ತಲ್ಲ, ದಸರಾ ವಾರದಲ್ಲಿ ನಾಲ್ಕೈದು ಗಂಟೆ ನಿದ್ದೆ. ಅಂಥ ದಿನ 80 ಕೆಜಿ ಎತ್ತಲು ಹೋದೆ, ಯಾರಿಗೋ ವಿಡಿಯೋ ಕಳಿಸಬೇಕು ಅಂತ. ಸೊಂಟದ ಹತ್ತಿರ ಹಿಡಿದುಕೊಂಡಿತು. ಹತ್ತೊಂಬತ್ತು ದಿನ ರಜೆ, ಫಿಸಿಯೋಗೆ 400ರ ಹಾಗೆ ಆರು ಸಲ, ತಡವಾದ ಹನ್ನೊಂದು ಬ್ಲೌಸಿಗೆ ಬೈಗುಳ. ಈಗ ಹಬ್ಬದ ಸೀಸನ್‌ನಲ್ಲಿ ಎತ್ತುವ ಭಾರ ಮುಕ್ಕಾಲು ಪಾಲಿಗೆ ಇಳಿಸಿಬಿಡುತ್ತೇನೆ, ವಾರಕ್ಕೆ ಎರಡೇ ದಿನ ಎತ್ತುತ್ತೇನೆ. ಸೀಸನ್ ಮುಗಿದು ಎರಡು ವಾರಕ್ಕೆ ಎಲ್ಲ ವಾಪಸ್ ಬರುತ್ತೆ.

ಇಪ್ಪತ್ತೆರಡು ತಿಂಗಳಾಯಿತು. ತೂಕ 63. ಸೊಂಟ ಮೂವತ್ತೂವರೆ, ತೋಳು ಹನ್ನೊಂದು ಮುಕ್ಕಾಲು. ಉಪವಾಸ ಮಾಡಿ 61 ಇದ್ದಾಗ ಸೊಂಟ 33 ಇತ್ತು, ನೆನಪಿರಲಿ. ಎರಡು ಕೆಜಿ ಜಾಸ್ತಿ ಇದ್ದೇನೆ, ಎರಡೂವರೆ ಇಂಚು ಕಡಿಮೆ ಇದ್ದೇನೆ. ಸ್ಕ್ವಾಟ್ ಅರವತ್ತರ ಮೇಲೆ, ಡೆಡ್‌ಲಿಫ್ಟ್ 85 ಮೂರು ಸಲ. ತೂಕದ ಮಿಷನ್ನನ್ನು ಗಂಡನಿಗೆ ಬಿಟ್ಟುಕೊಟ್ಟಿದ್ದೇನೆ. ನಾನು ಹದಿನೈದು ದಿನಕ್ಕೊಮ್ಮೆ ಟೇಪ್ ಹಿಡಿಯುತ್ತೇನೆ, ಮುಟ್ಟಿನ ಹಿಂದಿನ ವಾರ ಬಿಟ್ಟು. ಆ ವಾರ ಯಾವ ಅಳತೆಯೂ ನಿಜ ಹೇಳಲ್ಲ. ಗಿರಾಕಿಗಳಿಗೂ ಹಾಗೇ, ಆ ವಾರದಲ್ಲಿ ಅಳತೆ ಕೊಟ್ಟರೆ ಮಾರ್ಜಿನ್ ಒಂದು ಪಾಯಿಂಟ್ ಜಾಸ್ತಿ ಬಿಡುತ್ತೇನೆ.

ತೋಳಿನ ಹಿಂಭಾಗ ತುಂಬಿಕೊಂಡು ನಿಲ್ಲಲು ಕೊನೆಯಲ್ಲಿ ಒಂದು ವ್ಯಾಯಾಮ ಸೇರಿಸಿದ್ದೇನೆ. ರಾಡಿನಲ್ಲೇ ಮಾಡುವುದು, ಎಂಟು ನಿಮಿಷ. ಅದನ್ನು ಇಲ್ಲಿ ಬರೆಯಲ್ಲ. ಬೆಳಗ್ಗೆ ಮೂವರು ಗಿರಾಕಿಗಳು ತಿಂಗಳಿಗೆ 800 ಕೊಟ್ಟು ಶೆಡ್ಡಿಗೆ ಬರುತ್ತಾರೆ, ಅವರಿಗೆ ಅನ್ಯಾಯ ಆಗಬಾರದಲ್ವಾ.

ಸದ್ಯ ಕಂಬಿಗೆ ನೇತಾಡಿ ಮೈ ಮೇಲೆಳೆಯುವ ಪುಲ್‌ಅಪ್ ಆಗುತ್ತಿಲ್ಲ. ಒಂದೂ ಆಗುತ್ತಿಲ್ಲ. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಬಾರ್ 900 ಕೊಟ್ಟು ತಂದೆ, ಎರಡನೇ ದಿನ ಚೌಕಟ್ಟೇ ಸೀಳಿತು. ಬಡಗಿಗೆ 1,200. ಮಾವ ಅಟ್ಟದ ತೊಲೆಗೆ ಹಗ್ಗ ಕಟ್ಟಿಕೊಡುತ್ತೇನೆ ಅಂದಿದ್ದಾರೆ. ತೊಲೆ ಗಟ್ಟಿ ಇದೆಯಾ ಅಂತ ಭಾನುವಾರ ನೋಡಬೇಕು.