ನಮ್ಮ ಮನೆ ಹರಾಜಿಗೆ ಹೋಗದೆ ಉಳಿದಿದ್ದು ಹೀಗೆ

2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದಾಗ ನನ್ನ ಕೆಲಸ ಹೋಯಿತು. ಹೆಂಡತಿಯ ಸಂಬಳ ತಿಂಗಳಿಗೆ 5,000 ಡಾಲರ್, ಮನೆ ಕಂತು 2,300. ನಾಲ್ಕು ಕಂತು ತಪ್ಪಿದ ಮೇಲೆ ಅಂಚೆಯಲ್ಲಿ ಡಿಫಾಲ್ಟ್ ನೋಟಿಸ್, ಅಂದರೆ ಸಾಲದ ಕಂತು ಬಾಕಿ ಇದೆ ಅನ್ನುವ ನೋಟಿಸ್, ಬಂತು. ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ.

ಆಗ ಮನೆ ಸಾಲದ ಷರತ್ತು ಬದಲಿಸಿ ಕಂತು ಇಳಿಸುವ, ಅಮೆರಿಕ ಸರ್ಕಾರದ ಹ್ಯಾಂಪ್ (HAMP) ಯೋಜನೆ ಇತ್ತು. 2009ರಲ್ಲಿ ಶುರುವಾಗಿ 2016ರ ಕೊನೆಗೆ ಮುಗಿಯಿತು. ಮನೆ ತೆರಿಗೆ, ಮನೆ ವಿಮೆ ಸೇರಿಸಿ ಕಂತನ್ನು ಒಟ್ಟು ಆದಾಯದ ಶೇ. 31ಕ್ಕೆ ತರುವುದು ಅದರ ಗುರಿ. ಅದಕ್ಕೆ ಬಡ್ಡಿಯನ್ನು ಶೇ. 2ರವರೆಗೂ ಇಳಿಸುತ್ತಿದ್ದರು, ಅದೂ ಸಾಲದಿದ್ದರೆ ಅವಧಿಯನ್ನು 40 ವರ್ಷಕ್ಕೆ ಎಳೆಯುತ್ತಿದ್ದರು. ನಮ್ಮ ಲೆಕ್ಕಕ್ಕೆ ಕಂತು 1,550 ಡಾಲರ್ ಆಗಬೇಕಿತ್ತು.

ಆದರೆ ಅರ್ಜಿ ಎರಡು ಸಲ ವಾಪಸ್ ಬಂತು, ಕಾಗದ ಪೂರ್ತಿ ಇಲ್ಲವಂತೆ. ದಾರಿ ತೋರಿಸಿದ್ದು ಹಡ್ (HUD), ಅಂದರೆ ಅಮೆರಿಕದ ವಸತಿ ಇಲಾಖೆಯ ಮಾನ್ಯತೆ ಇದ್ದ ಸಲಹೆಗಾರ್ತಿ. ಒಂದು ಪೈಸೆಯೂ ತೆಗೆದುಕೊಳ್ಳಲಿಲ್ಲ. ಮೊದಲೇ ದುಡ್ಡು ಕೇಳುವವರನ್ನು ದಯವಿಟ್ಟು ನಂಬಬೇಡಿ. ಆ ಸಲಹೆಗಾರ್ತಿ ಪ್ರತಿ ಹಾಳೆಯ ಮೇಲೂ ಸಾಲದ ನಂಬರ್ ಬರೆಸಿದರು, ಫ್ಯಾಕ್ಸ್ ರಸೀದಿ ಎತ್ತಿಡಲು ಹೇಳಿದರು. ಬ್ಯಾಂಕ್ ಸ್ಟೇಟ್‌ಮೆಂಟಿನ ಕೊನೆಯ ಪುಟ ಖಾಲಿ ಇದೆ ಅಂತ ನಾವು ಸುಮ್ನೆ ಬಿಟ್ಟಿದ್ದೆವು, ತೊಡಕಾಗಿದ್ದು ಅದೇ!

ಈ ಸಲ ಅರ್ಜಿ ದಾಟಿತು. ಪರೀಕ್ಷೆಗೆ ಅಂತ ಇಟ್ಟ ಮೂರು ತಿಂಗಳ ಟ್ರಯಲ್ ಕಂತನ್ನು ಒಂದು ದಿನವೂ ತಡ ಮಾಡದೆ ಕಟ್ಟಿದೆವು. ನಂತರ ಪಕ್ಕಾ ಒಪ್ಪಂದ ಬಂತು. ಐದು ವರ್ಷದ ಮೇಲೆ ಬಡ್ಡಿ ವರ್ಷಕ್ಕೆ ಹೆಚ್ಚೆಂದರೆ ಶೇ. 1ರಷ್ಟು ಏರುತ್ತದೆ ಅಂತ ಅದರಲ್ಲೇ ಇತ್ತು, ಸಹಿ ಹಾಕುವ ಮುಂಚೆ ಅದನ್ನು ಎರಡು ಸಲ ಓದಿದೆವು.